ಮುಂಗಡ ಕಟ್ಟುವ ಮುನ್ನ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತುಗಳು)



ಸಿಇಟಿ ಸೀಟು ಹಂಚಿಕೆಯ ದಿನಗಳಲ್ಲಿ ಹಲವು ಮನೆಗಳಲ್ಲಿ ಇದೇ ಚರ್ಚೆ. ದೂರದ ಸರ್ಕಾರಿ ಕಾಲೇಜಿನಲ್ಲಿ ಮಗಳಿಗೆ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿದೆ. ಹತ್ತಿರದ ಖಾಸಗಿ ವಿಶ್ವವಿದ್ಯಾಲಯ ಕಂಪ್ಯೂಟರ್ ಸೈನ್ಸ್ ಕೊಡುತ್ತೇವೆ, ಇಂದೇ ಮುಂಗಡ ಕಟ್ಟಿ ಎನ್ನುತ್ತಿದೆ. ಯಾವುದಕ್ಕೆ ಸೇರಿಸುವುದು?

ಮೊದಲು, ಪದವಿ ಯಾರದು ಎಂದು ನೋಡಿ. ಆ ಸರ್ಕಾರಿ ಕಾಲೇಜು ವಿಟಿಯುಗೆ ಸೇರಿದ್ದರೆ ಪದವಿ 1998ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಆ ವಿಶ್ವವಿದ್ಯಾಲಯದ್ದು. ಖಾಸಗಿ ವಿಶ್ವವಿದ್ಯಾಲಯ ತನ್ನದೇ ಪದವಿ ಕೊಡುತ್ತದೆ. ನ್ಯಾಕ್ ಶ್ರೇಣಿ ಇಡೀ ಸಂಸ್ಥೆಗೆ. ಎನ್‌ಬಿಎ ಮಾನ್ಯತೆ ಒಂದೊಂದು ವಿಭಾಗಕ್ಕೆ ಬೇರೆ ಬೇರೆ. ನಿಮ್ಮ ವಿಭಾಗಕ್ಕೆ ಅದು ಇದೆಯೇ ಎಂದು ಕೇಳಿ.

ಎರಡನೆಯದು ಲೆಕ್ಕ. ಮೊದಲ ವರ್ಷದ ಶುಲ್ಕವನ್ನಷ್ಟೇ ನೋಡಬೇಡಿ. ಹಾಸ್ಟೆಲ್, ಊಟ, ಪರೀಕ್ಷಾ ಶುಲ್ಕ, ಬಸ್ಸು ಸೇರಿಸಿ 4 ವರ್ಷಕ್ಕೆ ಬರೆಯಿರಿ. ಬ್ಯಾಂಕ್ ಸಾಲದ ಬಡ್ಡಿ ಓದುವಾಗಲೇ ಬೆಳೆಯುತ್ತದೆ. ವಿದ್ಯಾರ್ಥಿವೇತನ ಆಸರೆಯೇ ಹೊರತು ಪೂರ್ತಿ ಹೊರೆ ಹೊರುವುದಿಲ್ಲ.

ಮೂರನೆಯದಾಗಿ, ಅದೇ ವಿಭಾಗದ ಕೊನೆಯ ವರ್ಷದ ಮಕ್ಕಳನ್ನು ಮಾತನಾಡಿಸಿ. ಅತಿ ದೊಡ್ಡ ಸಂಬಳ ಎಷ್ಟು ಎಂದಲ್ಲ, ತರಗತಿಯಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂದು ಕೇಳಿ. ಎಲೆಕ್ಟ್ರಾನಿಕ್ಸ್ ಓದಿದವರನ್ನೂ ಸಾಫ್ಟ್‌ವೇರ್ ಕಂಪನಿಗಳು ತೆಗೆದುಕೊಳ್ಳುತ್ತವೆ. ಕಂಪ್ಯೂಟರ್ ಸೈನ್ಸೇ ಬೇಕೆಂದರೆ, ಸಿಕ್ಕ ಸೀಟು ಉಳಿಸಿಕೊಂಡು ಮುಂದಿನ ಸುತ್ತಿಗೆ ಕಾಯಲು ಕೆಇಎಯಲ್ಲಿ ಚಾಯ್ಸ್-2 ಇದೆ.

ಕೊನೆಗೊಂದು ಮಾತು. ಮಗನನ್ನಾದರೆ ದೂರ ಕಳುಹಿಸುತ್ತೇವೆ, ಮಗಳಿಗೆ ಹತ್ತಿರದ್ದೇ ಸಾಕು ಎನ್ನುತ್ತೇವೆ. ಆ ಹತ್ತಿರಕ್ಕಾಗಿ ಸಾಲ ಮಾಡುವ ಮೊದಲು ದೂರದ ಹಾಸ್ಟೆಲನ್ನು ತಾಯಿ-ಮಗಳು ಒಮ್ಮೆ ನೋಡಿ ಬನ್ನಿ. ರ‍್ಯಾಂಕ್ ಪಡೆದವಳು ಅವಳು. ಅವಳ ಮಾತನ್ನೂ ಕೇಳಿ.