ದಂಡದ ಹಣ ಯಾರಿಗೆ?



ಹಗಲೆಲ್ಲ ಹೊಲದಲ್ಲಿ ದುಡಿದು, ಮನೆಗೆ ಬಂದು ಅಡಿಗೆ ಮಾಡಿಟ್ಟು ಇಲ್ಲಿಗೆ ಬಂದಿದ್ದೀರಿ. ನಿಮಗೆ ಹೆಚ್ಚು ಹೊತ್ತು ಬೇಸರ ಮಾಡುವುದಿಲ್ಲ. ಇವತ್ತು ನಾವು ಹಣದ ಮಾತು ಆಡೋಣ. ಕೂಲಿ ಹಣ ಅಲ್ಲ, ಸಾಲದ ಹಣ ಅಲ್ಲ. ದಂಡದ ಹಣ.

ಮೊದಲು ಒಂದು ಪ್ರಶ್ನೆ. ಒಬ್ಬರ ಎಮ್ಮೆ ಇನ್ನೊಬ್ಬರ ಹೊಲಕ್ಕೆ ನುಗ್ಗಿತು. ಜೋಳದ ಬೆಳೆ ತಿಂದು ಹಾಕಿತು. ಊರ ಹಿರಿಯರು ಎಮ್ಮೆಯ ಯಜಮಾನನಿಗೆ ದಂಡ ಹಾಕಿದರು. ಆ ಹಣವನ್ನು ಗುಡಿಯ ಹುಂಡಿಗೆ ಹಾಕಿಸಿದರು. ಬೆಳೆ ಕಳಕೊಂಡ ಹೆಂಗಸು ಬರಿಗೈಯಲ್ಲಿ ಮನೆಗೆ ಹೋದಳು. ಇದು ನ್ಯಾಯವೇ?

ಅಲ್ಲ ಅಂತ ನೀವೇ ಹೇಳುತ್ತೀರಿ. ತಪ್ಪು ಮಾಡಿದವನಿಗೆ ದಂಡ ಬಿತ್ತು ನಿಜ. ಆದರೆ ನಷ್ಟ ಆದವಳ ಕಣಜ ತುಂಬಲಿಲ್ಲ.

ಬೆಳೆಯ ಮಾತು ಹೀಗಾದರೆ, ಬಾಳೇ ಹಾಳಾದವಳ ಮಾತೇನು?

ಒಬ್ಬ ಹುಡುಗಿ ಇದ್ದಾಳೆ ಅಂತ ತಿಳಿಯೋಣ. ಅವಳಿಗೆ ಗೌರಿ ಅಂತ ಹೆಸರಿಡೋಣ. ವಯಸ್ಸು 20. ಮಳೆ ಹೋಯಿತು, ಬೆಳೆ ಒಣಗಿತು. ಅಪ್ಪನ ತಲೆಯ ಮೇಲೆ ಸಾಲ. ಆಗ ಪರಿಚಯದವನೊಬ್ಬ ಮನೆಗೆ ಬಂದ. "ಪಟ್ಟಣದಲ್ಲಿ ಬಟ್ಟೆ ಹೊಲಿಯುವ ಕೆಲಸ ಇದೆ. ಕೈತುಂಬ ಸಂಬಳ. ನಿಮ್ಮ ಮಗಳನ್ನು ನನ್ನ ತಂಗಿ ಹಾಗೆ ನೋಡಿಕೊಳ್ತೀನಿ" ಅಂದ. ಅವ್ವನ ಕೈಗೆ ಮುಂಗಡ ಅಂತ 5 ಸಾವಿರ ಕೊಟ್ಟ.

ಗೌರಿ ಬಸ್ಸು ಹತ್ತಿದಳು. ಅಲ್ಲಿ ಹೊಲಿಗೆಯೂ ಇಲ್ಲ, ಸಂಬಳವೂ ಇಲ್ಲ. ಅವಳನ್ನು ಒಂದು ಮನೆಗೆ ಮಾರಿ ಅವನು ಹೋಗಿಬಿಟ್ಟ. ಮುಂದಿನದನ್ನು ಬಾಯಿಬಿಟ್ಟು ಹೇಳಬೇಕಿಲ್ಲ. ಹೆಣ್ಣಾದ ನಮಗೆ ಅರ್ಥ ಆಗುತ್ತದೆ.

ಇದಕ್ಕೆ ಕಾನೂನಿನಲ್ಲಿ ಮಾನವ ಕಳ್ಳಸಾಗಣೆ ಅಂತ ಹೆಸರು. ಮೋಸದಿಂದ, ಬೆದರಿಕೆಯಿಂದ ಅಥವಾ ಆಸೆ ತೋರಿಸಿ ಮನುಷ್ಯರನ್ನು ದುಡಿಮೆಗೋ ದೇಹ ಮಾರಾಟಕ್ಕೋ ಸಾಗಿಸುವುದು ದೊಡ್ಡ ಅಪರಾಧ. ನಮ್ಮ ಸಂವಿಧಾನದ 23ನೇ ವಿಧಿಯೇ ಇದನ್ನು ನಿಷೇಧ ಮಾಡಿದೆ. "ಅವಳೇ ಒಪ್ಪಿ ಬಂದಳು" ಅಂತ ಹೇಳಿ ಸಾಗಿಸಿದವನು ತಪ್ಪಿಸಿಕೊಳ್ಳುವ ಹಾಗಿಲ್ಲ. ಕಾನೂನು ಆ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪೊಲೀಸರು ಗೌರಿಯನ್ನು ಬಿಡಿಸಿ ತಂದರು ಅಂದುಕೊಳ್ಳೋಣ. ಅವಳ ಕಷ್ಟ ಮುಗಿಯಿತೇ? ಇಲ್ಲ. ದೇಹಕ್ಕೆ ಚಿಕಿತ್ಸೆ ಬೇಕು. ಮನಸ್ಸಿಗೆ ಧೈರ್ಯ ಹೇಳುವವರು ಬೇಕು. ಇರಲು ಒಂದು ನೆಲೆ ಬೇಕು. ಹೊಟ್ಟೆಪಾಡಿಗೆ ಒಂದು ಕೆಲಸ ಬೇಕು. ಸಾಕ್ಷಿ ಹೇಳಲು ಕೋರ್ಟಿಗೆ ಹೋಗಬೇಕು, ಅದಕ್ಕೆ ಬಸ್ ಚಾರ್ಜು ಬೇಕು. ಇದೆಲ್ಲ ಇಲ್ಲದೆ ಹೋದರೆ ಏನಾಗುತ್ತದೆ? ಅದೇ ಮನುಷ್ಯನೋ, ಅವನಂಥ ಇನ್ನೊಬ್ಬನೋ ಮತ್ತೆ ಬಾಗಿಲಿಗೆ ಬರುತ್ತಾನೆ. ಬಡತನ ಅವಳನ್ನು ಮತ್ತೆ ಬಸ್ಸು ಹತ್ತಿಸುತ್ತದೆ.

ಇದಕ್ಕೆಲ್ಲ ಹಣ ಎಲ್ಲಿಂದ ಬರಬೇಕು? ಅವಳನ್ನು ಮಾರಿ ಹಣ ಮಾಡಿಕೊಂಡವನಿಂದಲೇ ಬರಬೇಕು. ನಾವು ಹೇಳುವುದು ಇಷ್ಟೇ.

2024ರ ಜುಲೈ 1ರಿಂದ ನಮ್ಮ ದೇಶದಲ್ಲಿ ಭಾರತೀಯ ನ್ಯಾಯ ಸಂಹಿತೆ ಅನ್ನುವ ಹೊಸ ಕಾನೂನು ಇದೆ. ಅದರ 143ನೇ ಕಲಂ ಪ್ರಕಾರ ಒಬ್ಬರನ್ನು ಸಾಗಿಸಿದರೆ 7 ವರ್ಷಕ್ಕೆ ಕಡಿಮೆ ಇಲ್ಲದ ಜೈಲು. ಅದು 10 ವರ್ಷದವರೆಗೂ ಆಗಬಹುದು. ಸಾಗಿಸಿದ್ದು ಮಗುವನ್ನಾದರೆ 10 ವರ್ಷದಿಂದ ಹಿಡಿದು ಜೀವಾವಧಿವರೆಗೆ ಜೈಲು. ಜೈಲಿನ ಜೊತೆಗೆ ದಂಡವನ್ನೂ ಹಾಕಬೇಕು.

ದಂಡ ಎಷ್ಟು? ಹಳೆಯ ಕಾಯ್ದೆಗಳನ್ನು ನೋಡಿದರೆ ನಗು ಬರುತ್ತದೆ, ಅಳುವೂ ಬರುತ್ತದೆ. ಹೆಣ್ಣನ್ನು ದೇಹ ಮಾರಾಟಕ್ಕೆ ಎಳೆದವನಿಗೆ 1956ರ ಕಾಯ್ದೆಯಲ್ಲಿ ಜೈಲಿನ ಜೊತೆ ದಂಡ ಹೆಚ್ಚೆಂದರೆ 2 ಸಾವಿರ ರೂಪಾಯಿ. ಜೀತಕ್ಕೆ ಇಟ್ಟುಕೊಂಡವನಿಗೆ 1976ರ ಕಾಯ್ದೆಯಲ್ಲೂ ದಂಡ ಹೆಚ್ಚೆಂದರೆ 2 ಸಾವಿರ. 2 ಸಾವಿರಕ್ಕೆ ಒಂದು ಹೊಸ ಹೊಲಿಗೆ ಯಂತ್ರವಾದರೂ ಬರುತ್ತದೆಯೇ? ಆದರೆ 143ನೇ ಕಲಮಿನಲ್ಲಿ ಇಂಥ ಮಿತಿ ಇಲ್ಲ. ಅಪರಾಧಕ್ಕೆ ತಕ್ಕಷ್ಟು ದಂಡ ಹಾಕಲು ನ್ಯಾಯಾಧೀಶರಿಗೆ ಅಧಿಕಾರ ಇದೆ. ಅದು ವಿಪರೀತ ಆಗಬಾರದು, ಅಷ್ಟೆ.

ಇನ್ನು ಮುಖ್ಯವಾದ ಮಾತು. ದಂಡ ಕಟ್ಟಿಸಿಕೊಂಡ ಮೇಲೆ ಆ ಹಣ ಎಲ್ಲಿಗೆ ಹೋಗುತ್ತದೆ? ಕೋರ್ಟು ಬೇರೆ ಏನೂ ಹೇಳದಿದ್ದರೆ ಸರ್ಕಾರದ ಖಜಾನೆಗೆ ಹೋಗುತ್ತದೆ. ಎಮ್ಮೆಯ ದಂಡ ಹುಂಡಿಗೆ ಹೋದ ಹಾಗೆ!

ಗುಂಪು ಅತ್ಯಾಚಾರದ ಕಲಂ ಬೇರೆ ಥರ ಇದೆ. ಅದು 70ನೇ ಕಲಂ. ದಂಡ ಆ ಹೆಣ್ಣಿನ ಚಿಕಿತ್ಸೆಗೂ ಹೊಸ ಬದುಕಿಗೂ ಸಾಕಾಗುವಂತೆ ಇರಬೇಕು, ಅದನ್ನು ಅವಳಿಗೇ ಕೊಡಬೇಕು ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಕಳ್ಳಸಾಗಣೆಯ 143ನೇ ಕಲಮಿನಲ್ಲಿ ಆ ಮಾತು ಬರೆದಿಲ್ಲ. ಅದಕ್ಕೇ ನಾವು ಬಾಯಿಬಿಟ್ಟು ಕೇಳಬೇಕು. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಅಂತಾರಲ್ಲ, ಹಾಗೆ.

ಕೇಳುವುದಕ್ಕೆ ದಾರಿ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅನ್ನುವ ಇನ್ನೊಂದು ಕಾನೂನು ಇದೆ. ಅದರ 395ನೇ ಕಲಂ ಪ್ರಕಾರ, ದಂಡದ ಹಣದಲ್ಲಿ ನೊಂದವರಿಗೆ ಪರಿಹಾರ ಕೊಡಿ ಅಂತ ಕೋರ್ಟು ಆಜ್ಞೆ ಮಾಡಬಹುದು. ಪ್ರತಿ ಕ್ರಿಮಿನಲ್ ಕೇಸಿನಲ್ಲೂ ಪರಿಹಾರದ ವಿಚಾರವನ್ನು ಕೋರ್ಟು ಯೋಚನೆ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆದ್ದರಿಂದ ಗೌರಿಯ ಪರವಾಗಿ ಸರ್ಕಾರಿ ವಕೀಲರ ಮೂಲಕ ಕೇಳಬೇಕು. "ಸ್ವಾಮಿ, ದಂಡದ ಹಣ ಈ ಹುಡುಗಿಗೆ ಸೇರಲಿ" ಅಂತ ಕೇಳಬೇಕು.

ಹೊಸ ಕಾನೂನಿನಲ್ಲಿ ಇನ್ನೂ ಒಂದು ದಾರಿ ಇದೆ. ಅಪರಾಧದಿಂದ ಗಳಿಸಿದ ಆಸ್ತಿಯನ್ನು ಕೋರ್ಟು ಜಪ್ತಿ ಮಾಡಿಸಬಹುದು. ಅದನ್ನು ನೊಂದವರಿಗೆ ಹಂಚಲು ಜಿಲ್ಲಾಧಿಕಾರಿಗೆ ಹೇಳಬಹುದು. ಹಾಗೆ ಹೇಳಿದರೆ ಜಿಲ್ಲಾಧಿಕಾರಿ 60 ದಿನದೊಳಗೆ ಹಂಚಬೇಕು. ಇದು 107ನೇ ಕಲಂ.

ನೀವು ಕೇಳಬಹುದು, "ಮೇಡಂ, ಆ ಮನುಷ್ಯ ಸಿಗಲೇ ಇಲ್ಲ ಅಂದ್ರೆ? ಅವನ ಹತ್ತಿರ ದುಡ್ಡೇ ಇಲ್ಲ ಅಂದ್ರೆ?" ಒಳ್ಳೆಯ ಪ್ರಶ್ನೆ. ಅವನು ಮೇಲಿನ ಕೋರ್ಟಿಗೆ ಅಪೀಲು ಹೋದರೂ ದಂಡದ ಹಣ ಕೈಗೆ ಬರುವುದಿಲ್ಲ. ಅಪೀಲು ಮುಗಿಯುವವರೆಗೆ ಕಾಯಬೇಕು. ಹಸಿವು ಅಷ್ಟು ದಿನ ಕಾಯುತ್ತದೆಯೇ?

ಅದಕ್ಕೆ 396ನೇ ಕಲಂ ಇದೆ. ನೊಂದವರಿಗೆ ಪರಿಹಾರ ಕೊಡಲು ಪ್ರತಿ ರಾಜ್ಯದಲ್ಲೂ ಒಂದು ಯೋಜನೆ ಇರಬೇಕು. ಅಪರಾಧಿ ಸಿಗದಿದ್ದರೂ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಅವರು 2 ತಿಂಗಳಲ್ಲಿ ವಿಚಾರಣೆ ಮುಗಿಸಿ ಪರಿಹಾರ ತೀರ್ಮಾನಿಸಬೇಕು. ತುರ್ತಾಗಿ ಬೇಕಾದರೆ ಮಧ್ಯಂತರ ನೆರವನ್ನೂ ಕೊಡಬಹುದು.

ಇಟ್ಟಿಗೆ ಗೂಡಿಗೋ ಕಲ್ಲುಕ್ವಾರಿಗೋ ಸಾಗಿಸಿ ಜೀತಕ್ಕೆ ಇಟ್ಟವರ ವಿಚಾರವೂ ಇದೆ. 2016ರ ಕೇಂದ್ರ ಯೋಜನೆ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜೀತ ವಿಮುಕ್ತರಿಗಾಗಿ ಕನಿಷ್ಠ 10 ಲಕ್ಷದ ಒಂದು ನಿಧಿ ಇರಬೇಕು. ಜೀತಕ್ಕೆ ಇಟ್ಟುಕೊಂಡವರಿಂದ ವಸೂಲಾದ ದಂಡವನ್ನೂ ಅದೇ ನಿಧಿಗೆ ಹಾಕಬಹುದು. ತಪ್ಪು ಮಾಡಿದವನ ಹಣ ನೊಂದವರ ಅನ್ನವಾಗುವುದು ಅಂದರೆ ಇದೇ.

ದೂರದ ಅಮೆರಿಕದಲ್ಲೂ 2015ರಲ್ಲಿ ಇಂಥದೇ ಒಂದು ಕಾನೂನು ಬಂತು. ಇಂಥ ಅಪರಾಧ ಸಾಬೀತಾಗಿ, ಕಟ್ಟುವ ಶಕ್ತಿ ಇರುವವನು 5 ಸಾವಿರ ಡಾಲರ್ ಹೆಚ್ಚುವರಿಯಾಗಿ ಕಟ್ಟಬೇಕು ಅಂತ ಮಾಡಿದರು. ಆ ಹಣ ಒಂದು ನಿಧಿಗೆ ಸೇರುತ್ತದೆ. ಅದರಿಂದ ಸಾಗಣೆಗೆ ಸಿಕ್ಕಿ ನೊಂದವರಿಗೆ ನೆರವು. ಹಾಗೆ ಒಬ್ಬನ ದಂಡ ಹತ್ತು ಜನರಿಗೆ ಆಸರೆ ಆಗಬಹುದು.

ಅಕ್ಕಂದಿರೇ, ಇಲ್ಲಿ ನಾವು ಕಲಿತ ಅಕ್ಷರಕ್ಕೂ ಕೆಲಸ ಇದೆ. ಪರಿಹಾರ ಕೇಳುವಾಗ ಖರ್ಚಿನ ಲೆಕ್ಕ ಬೇಕು. ಆಸ್ಪತ್ರೆ ಚೀಟಿ, ಔಷಧಿ ಬಿಲ್ಲು, ಬಸ್ ಟಿಕೀಟು ಒಂದನ್ನೂ ಎಸೆಯಬಾರದು. ಎಷ್ಟು ದಿನ ಕೂಲಿ ತಪ್ಪಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಪೊಲೀಸರು ಬರೆದ ಎಫ್‌ಐಆರ್ ಪ್ರತಿ ನೊಂದವರಿಗೆ ಪುಕ್ಕಟೆ ಸಿಗುತ್ತದೆ. ಕೇಳಿ ಪಡೆಯಬೇಕು. ಓದದೆ ಎಲ್ಲಿಯೂ ಹೆಬ್ಬೆಟ್ಟು ಒತ್ತಬಾರದು, ರುಜು ಹಾಕಬಾರದು.

ವಕೀಲರಿಗೆ ಫೀಸು ಎಲ್ಲಿಂದ ತರೋದು ಅಂತ ಹೆದರಬೇಡಿ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ ವಕೀಲರ ನೆರವು ಉಚಿತ. ಬಡವಳೋ ಅಲ್ಲವೋ ಅಂತ ಕೇಳುವುದಿಲ್ಲ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವೆಗಳ ಸಮಿತಿ ಎಲ್ಲಿದೆ ಅಂತ ಕೇಳಿ. ಉಳಿಯಲು ಜಾಗ ಇಲ್ಲದ ಹೆಂಗಸರಿಗೆ ಶಕ್ತಿ ಸದನ ಅನ್ನುವ ಆಶ್ರಯ ಯೋಜನೆ ಇದೆ.

ಕೊನೆಗೆ ಒಂದು ಮಾತು. ಹಣ ಸಿಕ್ಕರೆ ಸಾಲದು. ಗೌರಿ ಊರಿಗೆ ವಾಪಸ್ಸು ಬಂದಾಗ ನಾವು ಏನು ಮಾಡುತ್ತೇವೆ? ಬಾವಿಕಟ್ಟೆಯಲ್ಲಿ ಪಿಸುಪಿಸು ಮಾತಾಡುತ್ತೇವೆಯೋ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇವೆಯೋ? ತಪ್ಪು ಮಾಡಿದವನು ಕಟ್ಟಬೇಕಾದ ದಂಡವನ್ನು ಅವಳು ನಾಚಿಕೆ ಪಟ್ಟು ಕಟ್ಟುವ ಹಾಗೆ ಆಗಬಾರದು.

ಈ ನಂಬರುಗಳನ್ನು ಈಗಲೇ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಎಲ್ಲರೂ ಒಟ್ಟಿಗೆ ಓದೋಣ.

ಪೊಲೀಸ್ ನೆರವಿಗೆ 112.
ಹೆಂಗಸರ ಸಹಾಯಕ್ಕೆ 181.
ಮಕ್ಕಳ ಸಹಾಯಕ್ಕೆ 1098.
ಉಚಿತ ಕಾನೂನು ನೆರವಿಗೆ 15100.

ಬರೆದದ್ದನ್ನು ಪಕ್ಕದ ಮನೆಯವರಿಗೂ ಓದಿ ಹೇಳಿ.