ಕಥೆ ಹೇಳುವವನು ಯಾರು?



ಕನ್ನಡ ಮಾಧ್ಯಮದಲ್ಲಿ ಓದಿ ಮುಂದೆ ಇಂಗ್ಲಿಷ್ ಸಾಹಿತ್ಯಕ್ಕೆ ಕೈಹಾಕುವ ನಮ್ಮ ಮಕ್ಕಳು ಕಥೆಗೆ ಹೆದರುವುದಿಲ್ಲ; ಪ್ಲಾಟ್, ಕ್ಯಾರೆಕ್ಟರ್, ಸೆಟ್ಟಿಂಗ್, ಥೀಮ್, ನ್ಯಾರೇಟರ್ ಎಂಬ ಪರಿಭಾಷೆಗೆ ಹೆದರುತ್ತಾರೆ. ಕ್ಯಾರೆಕ್ಟರ್ ಎಂದರೆ ನಡತೆ ಎಂದು ಬರೆದವರುಂಟು. ಶಾಲೆ ಬಿಡುವಾಗ ಕೊಡುವ ನಡತೆಯ ಪತ್ರದಲ್ಲಿ ಅವರು ಕಂಡದ್ದು ಆ ಅರ್ಥವನ್ನೇ. ಥೀಮ್ ಎಂದರೆ ನೀತಿ ಎನ್ನುತ್ತಾರೆ. ಅದು ಪಂಚತಂತ್ರದ ರೂಢಿ.

ಇವನ್ನು ಕಲಿಸಲು ಷೇಕ್ಸ್‌ಪಿಯರನವರೆಗೆ ಹೋಗಬೇಕಾಗಿಲ್ಲ. ಮಾಸ್ತಿಯವರು 1910ರಲ್ಲಿ ಬರೆದ ‘ರಂಗನ ಮದುವೆ’ ಸಾಕು. ಈ ಕಥೆ ಇಂಗ್ಲಿಷಿಗೆ ಅನುವಾದಗೊಂಡು, ಎನ್.ಸಿ.ಇ.ಆರ್.ಟಿ.ಯವರ ಹನ್ನೊಂದನೆಯ ತರಗತಿಯ ‘ಸ್ನ್ಯಾಪ್‌ಷಾಟ್ಸ್’ ಎಂಬ ಪಠ್ಯದಲ್ಲಿಯೂ ಸೇರಿತ್ತು. ಮಾಸ್ತಿಯವರು ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಮಾಡಿದವರು, ಆಗ ನಮ್ಮ ಅನಂತಪುರ ಜಿಲ್ಲೆಯೂ ಮದರಾಸು ಪ್ರಾಂತಕ್ಕೆ ಸೇರಿತ್ತೆಂಬುದನ್ನು ನೆನೆಯಬಹುದು.

ಕಥೆ ನಡೆಯುವುದು ಹೊಸಹಳ್ಳಿಯಲ್ಲಿ. ಇಂಗ್ಲಿಷ್ ಬಲ್ಲವರು ವಿರಳವಾದ ಊರು. ಬೆಂಗಳೂರಿನಲ್ಲಿ ಓದಿ ಮರಳಿದ ರಂಗನನ್ನು ನೋಡಲು ಜನ ಮುಗಿಬೀಳುತ್ತಾರೆ. ಇಂಥ ದೇಶಕಾಲವಿಲ್ಲದಿದ್ದರೆ ಆ ನೂಕುನುಗ್ಗಲಿಗೆ ಅರ್ಥವೇ ಇಲ್ಲ. ಸೆಟ್ಟಿಂಗ್ ಎಂದರೆ ಇದು. ನಾಟಕದ ಹಿಂದೆ ತೂಗುಬಿಟ್ಟ ಪರದೆ ಎಂದು ತಿಳಿಯಬಾರದು. ಇನ್ನು ಪ್ಲಾಟ್: ಶ್ಯಾಮನೆಂಬವನು ರಂಗನಿಗೆ ರತ್ನಳನ್ನು ತೋರಿಸುತ್ತಾನೆ, ಅವಳಿಗೆ ಮದುವೆಯಾಗಿದೆಯೆಂದು ಸುಳ್ಳು ಹೇಳುತ್ತಾನೆ, ಜೋಯಿಸರಿಗೆ ಮೊದಲೇ ಪಾಠ ಹೇಳಿಕೊಟ್ಟು ಅವರ ಬಳಿಗೆ ಕರೆದೊಯ್ಯುತ್ತಾನೆ. ಒಂದು ಕಾರ್ಯ ಇನ್ನೊಂದಕ್ಕೆ ಕಾರಣವಾಗುವ ಈ ಹೆಣಿಗೆಯೇ ಸಂವಿಧಾನ. ‘ಕಥಾವಸ್ತು’ ಎಂಬ ಮಾತನ್ನು ಕೆಲವರು ಪ್ಲಾಟ್‌ಗೂ ಕೆಲವರು ಥೀಮ್‌ಗೂ ಬಳಸುವುದರಿಂದ ನಾನು ಅದನ್ನು ತರಗತಿಯಲ್ಲಿ ಬಿಟ್ಟೇಬಿಟ್ಟೆ.

ಒಮ್ಮೆ ಈ ಕಥೆ ಮುಗಿದೊಡನೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ‘‘ಸಾರ್, ರತ್ನಳಿಗೆ ಹನ್ನೊಂದೇ ವರ್ಷ. ಇದು ತಪ್ಪೆಂದು ಮಾಸ್ತಿಯವರಿಗೆ ಅನ್ನಿಸಲಿಲ್ಲವೆ?’’ ತರಗತಿ ಸ್ತಬ್ಧವಾಯಿತು. ಹತ್ತನೆಯ ತರಗತಿಯ ನಡುವೆಯೇ ಗೆಳತಿಯರು ಮದುವೆಯಾಗಿ ಹೋದದ್ದನ್ನು ಕಂಡವಳು ಅವಳು. ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾಯಿದೆ ಬಂದದ್ದು 1929ರಲ್ಲಿ, ಕಥೆ ಅದಕ್ಕಿಂತ ಹಿಂದಿನದು ಎಂದು ನಾನು ಉತ್ತರಿಸಿದೆ. ಅದು ಸತ್ಯವಾದರೂ ಜಾರಿಕೆಯ ಉತ್ತರ. ಮರುದಿನ ಅವಳಿಗೆ ಬೇರೊಂದು ಪ್ರಶ್ನೆ ಕೊಟ್ಟೆ: ಈ ಕಥೆಯನ್ನು ನಮಗೆ ಹೇಳುತ್ತಿರುವವರು ಯಾರು?

ಮಾಸ್ತಿಯವರಲ್ಲ, ಶ್ಯಾಮ. ಅವನೇ ನ್ಯಾರೇಟರ್, ನಿರೂಪಕ. ಊರಿನ ಹಿತಚಿಂತಕನೆಂದು ತನ್ನನ್ನು ಭಾವಿಸಿಕೊಂಡವನು, ತನ್ನ ಜಾಣತನಕ್ಕೆ ತಾನೇ ತಲೆದೂಗುವವನು. ಬೆಳೆದ ಹೆಣ್ಣನ್ನೇ ವರಿಸುವೆನೆಂದು ರಂಗ ಹೇಳಿದ್ದನ್ನೂ ನಮಗೆ ತಿಳಿಸುವವನು ಅವನೇ. ತಿಳಿಸಿ, ಆ ವಿಚಾರವನ್ನು ಮುರಿಯಲು ಹೊರಡುತ್ತಾನೆ. ಅವನ ಮೆಚ್ಚುಗೆಯನ್ನು ಲೇಖಕರ ಮೆಚ್ಚುಗೆಯೆಂದು ಓದಬೇಕೆ? ಶ್ಯಾಮನನ್ನು ಕಂಡು ಮಾಸ್ತಿಯವರು ಒಳಗೊಳಗೇ ನಗುತ್ತಿದ್ದಾರೆಂದು ನನ್ನ ಎಣಿಕೆ. ಆ ವಿದ್ಯಾರ್ಥಿನಿ ಒಪ್ಪಲಿಲ್ಲ. ರತ್ನ ಹಾಡುತ್ತಾಳೆ, ಆದರೆ ಈ ಮದುವೆ ನಿನಗೆ ಬೇಕೆ ಎಂದು ಅವಳನ್ನು ಯಾರೂ ಕೇಳುವುದಿಲ್ಲ; ನಕ್ಕರೆ ಮಾತ್ರ ಸಾಲದು ಎಂದು ಅವಳು ಪರೀಕ್ಷೆಯಲ್ಲಿಯೂ ಬರೆದಳು. ‘ಪಾಯಿಂಟ್ ಆಫ್ ವ್ಯೂ’ ಎಂಬ ಪದವನ್ನು ಆ ಉತ್ತರದಲ್ಲಿ ಒಮ್ಮೆಯೂ ಬಳಸಿರಲಿಲ್ಲ. ನಾನು ಪೂರ್ಣ ಅಂಕ ಕೊಟ್ಟೆ.

ಅಧ್ಯಾಪಕ ಮಿತ್ರರು ಮುಂದಿನ ವಾರ ಈ ಕಥೆಯನ್ನು ರತ್ನಳ ಬಾಯಿಂದ ಹೇಳಿಸಿ ನೋಡಲಿ. ಮೊದಲು ಕನ್ನಡದಲ್ಲಿ, ಅನಂತರ ಇಂಗ್ಲಿಷಿನಲ್ಲಿ. ಪರಿಭಾಷೆಯ ಪಟ್ಟಿಯನ್ನು ಆಮೇಲೆ ಕರಿಹಲಗೆಯ ಮೇಲೆ ಬರೆಯಬಹುದು.