ಉಳಿದಿದೆ ಎಂಬ ಅಂಕಿ

ಒಂದು ಸಂಜೆ ನನ್ನ ದಿವಂಗತ ಗುರುಗಳನ್ನು ಕುರಿತು ಲೇಖನ ಬರೆಯುತ್ತಿದ್ದೆ. ವಿದ್ಯುತ್ತು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಶೇಕಡಾ 40 ಉಳಿದಿದೆಯೆಂದು ಪರದೆ ಹೇಳುತ್ತಿತ್ತು, ನಂಬಿ ಮುಂದುವರಿಸಿದೆ. ಎರಡೇ ನಿಮಿಷದಲ್ಲಿ ಪರದೆ ಕಪ್ಪಾಯಿತು. ಮೂರು ಪುಟ ಅಳಿದುಹೋದವು.

ಆ ಅಂಕಿ ಸುಳ್ಳಾಡಿತೆ? ಅದು ಅಂದಾಜು, ಅಷ್ಟೆ. ಲಿಥಿಯಂ ಅಯಾನ್ ಕೋಶ ಹಳತಾದಂತೆ ಅದರ ಧಾರಣಶಕ್ತಿ ಇಳಿಯುತ್ತದೆ, ಒಳಗಿನ ರೋಧ ಏರುತ್ತದೆ. ತುಂಬಿದಾಗ ಸುಮಾರು 4.2 ವೋಲ್ಟ್ ಇರುವ ಕೋಶವನ್ನು ಯಂತ್ರ ಒಮ್ಮೆಲೇ ಹೆಚ್ಚು ಬೇಡಿದರೆ ವೋಲ್ಟೇಜು ಕುಸಿದು, ರಕ್ಷಣಾ ವ್ಯವಸ್ಥೆ ಸಂಪರ್ಕವನ್ನು ಕಡಿದುಬಿಡುತ್ತದೆ. ನನ್ನಂಥ ನಿವೃತ್ತರಿಗೆ ಇದು ಬೇಗ ಅರ್ಥವಾದೀತು: ಶಕ್ತಿಯೇನೋ ಉಂಟು, ಅವಸರದಲ್ಲಿ ಕೇಳಬಾರದು!

ಚಾರ್ಜರಿನಲ್ಲಿ ಸರಿಯಾಗಿ ನಡೆದು ಬ್ಯಾಟರಿಯಲ್ಲಿ ಮಾತ್ರ ನಿಂತರೆ ಮೊದಲ ಸಂಶಯ ಬ್ಯಾಟರಿಯ ಮೇಲೆ. ವಿಂಡೋಸ್ ಯಂತ್ರದಲ್ಲಿ ‘ಪವರ್‌ಸಿಎಫ್‌ಜಿ’ ಆಜ್ಞೆಯ ಮೂಲಕ ಬ್ಯಾಟರಿ ವರದಿ ಪಡೆಯಬಹುದು. ಮೂಲ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡೂ ಅದರಲ್ಲಿರುತ್ತವೆ. ನನ್ನದು ಅರ್ಧಕ್ಕೂ ಕೆಳಗಿಳಿದಿತ್ತು. ಬ್ಯಾಟರಿ ಉಬ್ಬಿದ್ದರಂತೂ ಬಳಕೆಯನ್ನು ಕೂಡಲೇ ನಿಲ್ಲಿಸಬೇಕು.

ಹೊಸ ಬ್ಯಾಟರಿ ಹಾಕಿಸಿದೆ. ಲೇಖನವನ್ನೂ ಮತ್ತೆ ಬರೆದೆ. ಆದರೆ ಗುರುಗಳ ನಗೆಯನ್ನು ಹಿಡಿದಿದ್ದ ಒಂದು ವಾಕ್ಯ ಮರಳಿ ಬರಲಿಲ್ಲ. ಈಗ ಪ್ರತಿ ಪರಿಚ್ಛೇದ ಮುಗಿದೊಡನೆ ಉಳಿಸಿಕೊಳ್ಳುತ್ತೇನೆ. ನೀವೂ ಹಾಗೆ ಮಾಡಿ.